ಆಷಾಢದೊಳಗೊಂದು ಶ್ರಾವಣ

29 ಜೂನ್ 1997, ಭಾನುವಾರ

ಬೆಂಚು ಗೋಡೆಗೆ ಸರಿಸಿದ್ದು ನಾನು, ಬೋರ್ಡು ಒರೆಸಿದ್ದು ನಾನು, ಫೀಸು ಕೊಡುವವನೂ ನಾನೇ. ಆದರೂ ಕೂತದ್ದು ಕೊನೆಯ ಬೆಂಚಿನಲ್ಲಿ. ಮುಂದೆ ನನ್ನ ಕಂಪ್ಯೂಟರ್ ಅಂಗಡಿಯ ಇಬ್ಬರು ಪ್ರೋಗ್ರಾಮರುಗಳು — ಕೋನಪ್ಪ, ಅನಸೂಯ. ದಕ್ಷಿಣಾಮೂರ್ತಿ ಮೇಷ್ಟರು ಗೌರಿಬಿದನೂರಿನಿಂದ ಬಸ್ಸು ಬದಲಾಯಿಸಿಕೊಂಡು ಶಿಡ್ಲಘಟ್ಟ ತಲುಪುವಷ್ಟರಲ್ಲಿ ಕಾಫಿ ಆರಿತ್ತು. ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದು ರಿಟೈರ್ ಆದವರು. ಬಂದವರೇ ಬೋರ್ಡಿನ ತುಂಬ ಬರೆದರು: ಅಡ್ವಾನ್ಸ್‌ಡ್ ಟ್ರೈನಿಂಗ್ — ವರ್ಷನ್ ಕಂಟ್ರೋಲ್ ಮತ್ತು ಬಿಲ್ಡ್ ಆಟೋಮೇಷನ್.

ಬೇಸಿಕ್ ಯಾವಾಗ ಆಯಿತೋ ಕೇಳಲಿಲ್ಲ.

ಮೇಜಿನ ಮೇಲೆ ನಮ್ಮ ಮೂರು ಫ್ಲಾಪಿ. ಒಂದೊಂದರ ಚೀಟಿಯನ್ನೂ ಜೋರಾಗಿ ಓದಿದರು. ‘ಫೈನಲ್’. ‘ನಿಜವಾದ ಫೈನಲ್’. ‘ಇದೇ ಫೈನಲ್ — ಕೋನಪ್ಪ’.

“ಇದ್ರಲ್ಲಿ ಗಿರಾಕಿಗೆ ಹೋಗಿರೋದು ಯಾವುದಮ್ಮ?”

“ನಾಲ್ಕನೇದು ಸಾರ್,” ಎಂದಳು ಅನಸೂಯ.

ಮೇಷ್ಟರು ನಗಲಿಲ್ಲ. ಇನ್ನು ಮೇಲೆ ಮೂಲ ಪ್ರತಿ ಇರುವುದು ಒಂದೇ ಕಡೆ. ಬೇಕಾದವರು ಅಲ್ಲಿಂದ ತೆಗೆದುಕೊಂಡು, ತಿದ್ದಿ, ಅಲ್ಲಿಗೇ ವಾಪಸ್ ಇಡಬೇಕು. ಹಳೆಯದು ಅಳಿಯುವುದಿಲ್ಲ, ಹೊಸದರ ಕೆಳಗೆ ಹಾಗೇ ಇರುತ್ತದೆ. ಯಾರು ತಿದ್ದಿದರು, ಯಾವಾಗ — ಎರಡನ್ನೂ ಕಂಪ್ಯೂಟರೇ ಬರೆದುಕೊಳ್ಳುತ್ತದೆ. ಏಕೆ ಎಂಬುದನ್ನು ಮಾತ್ರ ನಾವು ಬರೆಯಬೇಕು. ಬರೆಯದೆ ಬಿಡುವುದಿಲ್ಲ.

ಚಿಂತಾಮಣಿ ಮಂಡಿಯಲ್ಲಿ ಹರಾಜು ಕೂಗುತ್ತ ಬೆಳೆದವನು ನಾನು. ‘ಏಕೆ’ ಎಂದು ಕೇಳುವ ಲೆಕ್ಕದ ಪುಸ್ತಕ ಇದುವರೆಗೆ ಕಂಡಿರಲಿಲ್ಲ. ಮನಸ್ಸಿಗೆ ಹಿಡಿಸಿತು.

6 ಜುಲೈ, ಭಾನುವಾರ

ಎರಡನೇ ಪಾಠ. ಪ್ರೋಗ್ರಾಮು ಎಂದರೆ ಒಂದೇ ಗಟ್ಟಿ ಅಲ್ಲವಂತೆ, ತುಂಡು ತುಂಡು. ಮನುಷ್ಯರು ಬರೆದ ತುಂಡನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಬೇಯಿಸಬೇಕು. ಬೆಂದ ತುಂಡುಗಳನ್ನೆಲ್ಲ ಕೂಡಿಸಿದರೆ ಗಿರಾಕಿಗೆ ಕೊಡುವ ಮಾಲು. ಇದಕ್ಕೊಂದು ಅಡುಗೆಭಟ್ಟ ಪ್ರೋಗ್ರಾಮು — ಮೇಕ್ ಎಂದು ಹೆಸರು. ಹುಷಾರಿನವನು. ಎಲ್ಲವನ್ನೂ ಮತ್ತೆ ಬೇಯಿಸುತ್ತ ಕೂರುವುದಿಲ್ಲ. ತಿದ್ದಿದ್ದನ್ನು ಮಾತ್ರ ಬೇಯಿಸಿ, ಮಿಕ್ಕದ್ದು ನಿನ್ನೆಯದನ್ನೇ ಬಡಿಸುತ್ತಾನೆ.

ಕೊನೆಯ ಬೆಂಚಿನಿಂದ ಕೈ ಎತ್ತಿದೆ. “ತಿದ್ದವ್ರೆ ಅಂತ ಅವನಿಗೆ ಹೆಂಗೆ ಗೊತ್ತಾಗ್ತದೆ ಮೇಷ್ಟ್ರೇ?”

“ಒಳ್ಳೆ ಪ್ರಶ್ನೆ ನಲ್ಲಪ್ಪನೋರೆ. ಒಳಗೆ ಏನಿದೆ ಅಂತ ಅವನು ನೋಡೋದೇ ಇಲ್ಲ. ತಾರೀಖು ನೋಡ್ತಾನೆ ಅಷ್ಟೆ. ಬರೆದಿದ್ದು ಬೆಂದಿದ್ದಕ್ಕಿಂತ ಹೊಸದಾಗಿದ್ರೆ ಮತ್ತೆ ಬೇಯಿಸ್ತಾನೆ. ಇಲ್ದಿದ್ರೆ ಮುಟ್ಟಲ್ಲ.”

ಕೋನಪ್ಪ ಪಿಸುಗುಟ್ಟಿದ: “ಮಾ ಅವ್ವ ಲಾಗನೇ ಅಣ್ಣ, ನಮ್ಮವ್ವನ ಥರನೇ. ನಿನ್ನೆ ಸಾರು ಮುಗಿಯೋ ತನಕ ಒಲೆ ಹಚ್ಚಲ್ಲ.”

ಹಿಂದಕ್ಕೆ ತಿರುಗಿ ಅನಸೂಯ ಎಂದಳು — “ನಿಮ್ಮವ್ವ ಪಾತ್ರೆನಾದ್ರೂ ಮೂಸಿ ನೋಡ್ತಾರೆ. ಇವನು ಅದೂ ನೋಡಲ್ಲ.”

ಇಬ್ಬರೂ ನಕ್ಕರು. ನಾನೂ ನಕ್ಕೆ. ತಾರೀಖು ನೋಡಿ ಹೂಂ ಎನ್ನುವವರು ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ.

10 ಜುಲೈ, ಗುರುವಾರ

ಮೇಷ್ಟರು ಹೇಳಿದಂತೆ ಹೊಸ ವ್ಯವಸ್ಥೆ ಸಿದ್ಧ. ಕೋನಪ್ಪನಿಗೊಂದು ಕಂಪ್ಯೂಟರು, ಅನಸೂಯಳಿಗೊಂದು — ಅಲ್ಲಿ ಅವರವರ ಪ್ರತಿ, ತಿದ್ದಿ ನೋಡಿಕೊಳ್ಳುವುದಕ್ಕೆ. ಕಿಟಕಿ ಪಕ್ಕದ ಮೂರನೆಯದು ಯಾರದೂ ಅಲ್ಲ. ಮೂಲ ಪ್ರತಿ ಅದರಲ್ಲಿ. ಗಿರಾಕಿಗೆ ಹೋಗುವ ಫ್ಲಾಪಿ ಅದರಿಂದಲೇ ಹೊರಬೀಳಬೇಕು. ‘ಕಟ್ಟು’ ಎಂದು ಟೈಪ್ ಮಾಡಿದರೆ ಸಾಕು, ತಾನೇ ಬೇಯಿಸಿ ಫ್ಲಾಪಿಗೆ ತುಂಬಿ ‘ಓಕೆ’ ಎನ್ನುತ್ತದೆ. ಓಕೆ ಬಿಟ್ಟು ಬೇರೇನೂ ತೋರಿಸದ ಹಾಗೆ ಕೋನಪ್ಪ ಮಾಡಿದ್ದಾನೆ. ಮಿಕ್ಕ ಇಂಗ್ಲಿಷು ನೋಡಿದರೆ ಯಜಮಾನರು ಗಾಬರಿಯಾಗುತ್ತಾರಂತೆ.

ಅದರಲ್ಲಿ ಮೊದಲು ಕಟ್ಟಬೇಕಾದದ್ದು ವೆಂಕಟರವಣಪ್ಪನ ಕೆಲಸ. ಅವನದು ಚಾಕಿ ಕೇಂದ್ರ — ಮೊಟ್ಟೆಯಿಂದ ಎದ್ದ ರೇಷ್ಮೆ ಹುಳುವನ್ನು ಎರಡು ಜ್ವರ ಕಳೆಯುವ ತನಕ ಸಾಕಿ ರೈತರಿಗೆ ಕೊಡುತ್ತಾನೆ. (ಹುಳು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುವುದು. ಮೇಷ್ಟರಿಗೆ ಹೇಳಿದರೆ ಡಾಕ್ಟರು ಯಾರು ಎಂದು ಕೇಳಿದರು.) ಯಾವ ರೈತ ಯಾವ ದಿನ ಬಂದು ಹುಳು ಒಯ್ಯಬೇಕು ಎಂದು ಕಾರ್ಡು ಅಚ್ಚು ಹಾಕುವುದೇ ನಮ್ಮ ಪ್ರೋಗ್ರಾಮು. ತಿಂಗಳ ಕೊನೆಯೊಳಗೆ ಬೇಕು.

ಮನೆಯಲ್ಲಿ ಹೇಳಿದೆ. ಹೆಂಡತಿ ಗಂಗುಲಮ್ಮ ಮೊರ ಕೆಳಗಿಟ್ಟಳು.

“ಆಷಾಢದಾಗಾ? ಹೊಸ ಕೆಲ್ಸನಾ? ಬುದ್ಧಿ ನೆಟ್ಟಗೈತಾ ನಿಮಗೆ?”

“ಅದು ಕಂಪ್ಯೂಟ್ರು ಕಣೇ. ಅದಕ್ಕೆ ಯಾವ ಆಷಾಢ?”

“ಅದಕ್ಕಿಲ್ಲ. ನಿಮಗೈತಲ್ಲ.”

ಜೋಯಿಸರು ಪುಟ್ಟಸ್ವಾಮಯ್ಯನವರು ಪಂಚಾಂಗ ತಿರುವಿ ಆಗಸ್ಟ್ ಆರು, ಶ್ರಾವಣದ ಬುಧವಾರ, ಬೆಳಿಗ್ಗೆ ಒಂಬತ್ತೂಕಾಲು ಎಂದರು. ವೆಂಕಟರವಣಪ್ಪನ ಹುಳು ಅಲ್ಲಿಯ ತನಕ ಕಾಯುತ್ತದೆಯೇ? ಹುಳುವಿಗೆ ಪಂಚಾಂಗ ಓದಿ ಹೇಳುವವರು ಯಾರು?

14 ಜುಲೈ, ಸೋಮವಾರ

ಆಯಿತು. ಹೆಂಡತಿಗೂ ಸಮಾಧಾನ, ಗಿರಾಕಿಗೂ ಸಮಾಧಾನ.

ಮಂಡಿಯಲ್ಲಿ ಮಾಡುತ್ತಿದ್ದದ್ದೇ. ಹೊಸ ಖಾತೆಯ ಮೊದಲ ಪುಟವನ್ನು ಯಾವತ್ತು ಬರೆದರೇನು, ಮೇಲೆ ಹಾಕುವ ತಾರೀಖು ಒಳ್ಳೆಯ ದಿನದ್ದು. ಅರಿಶಿನ ಹಚ್ಚಿ, ‘ಲಾಭ’ ಎಂದು ಬರೆದು ಮುಚ್ಚಿಟ್ಟರೆ ಮುಹೂರ್ತ ಮುಗಿಯಿತು. ಮೋಸವಲ್ಲ. ಎಲ್ಲರಿಗೂ ಗೊತ್ತಿರುವ ಮರ್ಯಾದೆ.

ಕೋನಪ್ಪ, ಅನಸೂಯ ಬರುವ ಮೊದಲೇ ಅಂಗಡಿಗೆ ಹೋದೆ. ಮೂರನೇ ಕಂಪ್ಯೂಟರಿನ ದೊಡ್ಡ ಪಾಸ್‌ವರ್ಡು ನನ್ನ ಹತ್ತಿರ ಇದೆ — ಯಜಮಾನನಿಗೆ ಅಷ್ಟೂ ಬೇಡವೇ? ತಾರೀಖು ಬದಲಾಯಿಸುವುದು ಪಾಠದ ಹಾಳೆಯಲ್ಲೇ ಇತ್ತು. ಆಗಸ್ಟ್ ಆರು, ಒಂಬತ್ತೂಕಾಲು. ಊದುಬತ್ತಿ ಹಚ್ಚಿದೆ, ಕುಂಕುಮ ಪರದೆಗೆ ಬೇಡವೆಂದು ಡಬ್ಬದ ನೆತ್ತಿಗಿಟ್ಟೆ. ನಾನೇ ಟೈಪ್ ಮಾಡಿದೆ: ಕಟ್ಟು. ಒಳಗೆ ಗಿರಗಿರ ಸದ್ದು. ಇಡೀ ಪ್ರೋಗ್ರಾಮು ನನ್ನ ಕೈಯಿಂದ ಮೊದಲ ಸಲ ಬೆಂದು ಇಳಿಯಿತು. ಓಕೆ.

ತಾರೀಖನ್ನು ಮತ್ತೆ ಇವತ್ತಿನದಕ್ಕೆ ತಂದಿಟ್ಟೆ. ಯಂತ್ರ ತಕರಾರಿಲ್ಲದೆ ಆಷಾಢಕ್ಕೆ ವಾಪಸ್ ಬಂತು. ನಂಬಿಕೆ ಅಲ್ಲ ಇದು, ಇನ್ಶೂರೆನ್ಸು.

19 ಜುಲೈ, ಶನಿವಾರ

ಅನಸೂಯ ಒಂದು ತಪ್ಪು ಹಿಡಿದಳು. ತಿಂಗಳಿಗೆಲ್ಲ ಮೂವತ್ತೇ ದಿನ ಎಂದು ಹಿಂದೆ ಯಾರೋ ಬರೆದಿದ್ದಾರೆ. (ಯಾರೋ ಎಂದರೆ ಕೋನಪ್ಪ.) ಜುಲೈ ಕೊನೆಗೆ ಚಾಕಿ ಹಿಡಿದರೆ, ಎಂದರೆ ಮರಿಹುಳು ಸಾಕಲು ಶುರುಮಾಡಿದರೆ, ಕಾರ್ಡಿನಲ್ಲಿ ಒಂದು ದಿನ ತಡವಾಗಿ ಬರುತ್ತಿತ್ತು.

“ಒಂದು ದಿನದಾಗೆ ಏನಾಯ್ತದಮ್ಮ?” ಎಂದ ಕೋನಪ್ಪ.

“ನೀನು ಜ್ವರ ಬಿಟ್ಟೆದ್ದು ಒಂದು ದಿನ ಊಟ ಇಲ್ದೆ ಇರು, ಆಮೇಲೆ ಹೇಳು. ನಮ್ಮೂರು ಸಾದಲಿಲಿ ಕೇಳು ಬಾ. ಜ್ವರ ಬಿಟ್ಟ ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು, ಜಾಗ ಸಿಗ್ದಿದ್ರೆ ಒಂದು ದಪ್ಪ, ಒಂದು ಸಣ್ಣ. ಒಂದು ಗೂಡು ಕಟ್ಟೋವಾಗ ಇನ್ನೊಂದು ಮೇಯ್ತಿರ್ತದೆ.”

ತಿದ್ದಿದಳು. ತನ್ನ ಕಂಪ್ಯೂಟರಿನಲ್ಲಿ ಕಾರ್ಡು ತೆಗೆದು ತೋರಿಸಿದಳು — ಸರಿಯಾಗಿತ್ತು. ಮೂಲದಲ್ಲಿ ಇಟ್ಟು, ಏಕೆ ಎಂದು ಬರೆದಳು. ಕಿಟಕಿ ಪಕ್ಕದ್ದರಲ್ಲಿ ಕೋನಪ್ಪ ‘ಕಟ್ಟು’ ಎಂದ. ಕಣ್ಣು ಮಿಟುಕಿಸುವುದರೊಳಗೆ ಓಕೆ. ಎಷ್ಟು ಚುರುಕು! ನನ್ನ ಮುಹೂರ್ತದ ದಿನ ನಾಲ್ಕು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಹಿಡಿದಿತ್ತು.

26 ಜುಲೈ, ಶನಿವಾರ

ಫ್ಲಾಪಿ ಚಾಕಿ ಕೇಂದ್ರಕ್ಕೆ ಹೋಯಿತು. ವೆಂಕಟರವಣಪ್ಪನ ಪ್ರಿಂಟರು ಮಧ್ಯಾಹ್ನವೆಲ್ಲ ಕರಕರ ಎಂದಿತು. ನಾಳೆ ಚಾಕಿ ಹಿಡಿಯುತ್ತಾನೆ. ಸಾದಲಿ ಕಡೆಯ ರೈತರೇ ಹೆಚ್ಚು. ಅನಸೂಯಳೇ ಅರ್ಧ ಕಾರ್ಡು ತನ್ನೂರಿಗೆ ಒಯ್ದು ಹಂಚಿದಳಂತೆ, ಮದುವೆ ಕಾಗದ ಹಂಚಿದ ಹಾಗೆ.

4 ಆಗಸ್ಟ್, ಸೋಮವಾರ

ಸಂಜೆ ವೆಂಕಟರವಣಪ್ಪ ಮೆಟ್ಟಿಲು ಹತ್ತಿ ಬಂದ ರೀತಿಯಲ್ಲೇ ಗೊತ್ತಾಯಿತು.

“ಏನಪ್ಪ ನಲ್ಲಪ್ಪ, ಎರಡನೇ ಜ್ವರ ಎದ್ದು ಹುಳು ತಟ್ಟೆ ತುಂಬ ತಲೆ ಎತ್ಕೊಂಡು ಸೊಪ್ಪು ಸೊಪ್ಪು ಅಂತವೆ. ಒಬ್ಬ ರೈತ ಬಂದಿಲ್ಲ. ಫೋನ್ ಮಾಡಿ ಕೇಳಿದ್ರೆ ‘ಕಾರ್ಡ್‌ನಾಗೆ ನಾಳೆ ಅಂತೈತೆ’ ಅಂತಾರೆ. ಯಾವ ನಾಳೆನಪ್ಪ?”

ಅನಸೂಯ ಕಾರ್ಡು ಈಸಿಕೊಂಡು ನೋಡಿದಳು. ಐದನೇ ತಾರೀಖು. ಮುಖ ಬಿಳಿಚಿತು. “ಇದನ್ನ ನಾನು ತಿದ್ದಿದ್ದೀನಿ ಸಾರ್.” ಮೂಲದ ದಾಖಲೆ ತೆಗೆದು ತೋರಿಸಿದಳು. ಇದೆ — ಅವಳ ಹೆಸರು, ಜುಲೈ ಹತ್ತೊಂಬತ್ತು, ಏಕೆ ಎಂಬುದೂ ಇದೆ. ಅವಳ ಕಂಪ್ಯೂಟರಿನಲ್ಲಿ ನಾಲ್ಕನೇ ತಾರೀಖು ಬರುತ್ತದೆ. ಕಿಟಕಿ ಪಕ್ಕದ್ದರಲ್ಲಿ ಐದು.

“ಬರೆಯೋದು ಬರೆದವ್ಳೆ, ಮಾಡೋದು ಮರೆತವ್ಳೆ,” ಎಂದ ವೆಂಕಟರವಣಪ್ಪ.

ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ ನಾನು.

5 ಆಗಸ್ಟ್, ಮಂಗಳವಾರ

ಚಾಕಿ ಕೇಂದ್ರಕ್ಕೆ ಅನಸೂಯಳನ್ನು ಕರೆದುಕೊಂಡು ಹೋದದ್ದೇ ತಪ್ಪು. ಸಾದಲಿಯವರು ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು. ಬಗ್ಗಿ ನೋಡಿದರೆ ತಟ್ಟೆಯಲ್ಲಿ ಹುಳು ಒಂದು ದಪ್ಪ, ಒಂದು ಸಣ್ಣ. ಅವಳ ಸೋದರಮಾವ ಎರ್ರಪ್ಪ ಕಾರ್ಡನ್ನು ಅವಳ ಕೈಗೇ ಇಟ್ಟ.

“ತಗಳಮ್ಮ. ನಿಮ್ಮಜ್ಜಿ ಹುಳ ಮೂಸಿ ನೋಡಿ ಜ್ವರ ಹೇಳ್ತಿದ್ಲು. ನೀನು ಬಿಯೆಸ್ಸಿ ಓದಿ ಕಾರ್ಡ್‌ನಾಗೆ ಹೇಳ್ದೆ.”

ಅವಳು ಅಳಲಿಲ್ಲ. ಕಾರ್ಡನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

7 ಆಗಸ್ಟ್, ಗುರುವಾರ

ವಿಚಿತ್ರ ನಡೆಯಿತು.

ನಿನ್ನೆಯೆಲ್ಲ ಊರಿಗೇ ಕರೆಂಟಿಲ್ಲ, ಕೆಲಸವಿಲ್ಲ. ಇವತ್ತು ಅನಸೂಯ ಆ ತುಂಡನ್ನು ಮತ್ತೆ ತೆಗೆದಳು. ತಪ್ಪೇನೂ ಸಿಗಲಿಲ್ಲ. ಸುಮ್ಮನೆ ಒಂದು ಖಾಲಿ ಸಾಲು ಸೇರಿಸಿ ವಾಪಸ್ ಇಟ್ಟಳು, ಕಿಟಕಿ ಪಕ್ಕದ್ದರಲ್ಲಿ ಕಟ್ಟಿದಳು. ಕಾರ್ಡು ಸರಿ ಬಂತು!

ಕೋನಪ್ಪ ನಿಧಾನವಾಗಿ ಕೇಳಿದ — “ಅನಸೂಯಮ್ಮ, ಬೇಜಾರಾಗ್ಬೇಡ. ಈಗ ಸೇರಿಸ್ದೆ ಅಲ್ವಾ?”

“ಖಾಲಿ ಸಾಲು ಕೋನಪ್ಪ. ಖಾಲಿ ಸಾಲು!”

“ಖಾಲಿ ಸಾಲಿಗೆ ಸರಿಹೋಯ್ತಾ? ದೇವುಡಾ!”

ನನ್ನ ಕಡೆ ತಿರುಗಿದಳು. “ನೀವೂ ಹಂಗೇ ಅನ್ಕೊಂಡಿದ್ದೀರಾ ಸಾರ್?”

“ಛೇ, ನಾನೆಲ್ಲಿ...” ಎಂದೆ. ಹರಾಜಿನಲ್ಲಿ ಹೀಗೆ ಎಳೆದರೆ ಮಾಲಿನ ಬೆಲೆ ಬಿದ್ದೇ ಹೋಗುತ್ತದೆ. ಬಿತ್ತು.

ವೆಂಕಟರವಣಪ್ಪ ಫೋನಿನಲ್ಲಿ: ಪ್ರೋಗ್ರಾಮು ಇಟ್ಟುಕೊಳ್ಳುತ್ತೇನೆ, ಆ ಹುಡುಗಿ ಕೈ ಹಾಕಬಾರದು. ಅವಳು ಅದನ್ನು ಕೇಳಿಸಿಕೊಂಡೇ ಹೇಳಿದಳು — “ಭಾನುವಾರ ಕೊನೇ ಕ್ಲಾಸು. ಮೇಷ್ಟ್ರ ಮುಂದೆ ಬೀಗದ ಕೈ ಕೊಟ್ಟು ಹೋಗ್ತೀನಿ ಸಾರ್. ಸುಳ್ಳಿ ಅನ್ನಿಸ್ಕೊಂಡು ಕೂರಕ್ಕಾಗಲ್ಲ.”

8 ಆಗಸ್ಟ್, ಶುಕ್ರವಾರ

ಲೆಕ್ಕ ಹೊಂದದಿದ್ದರೆ ನನಗೆ ಊಟ ಸೇರುವುದಿಲ್ಲ, ಹಳೆಯ ರೋಗ. ಅನಸೂಯ, ವೆಂಕಟರವಣಪ್ಪ ಇಬ್ಬರು ಹೇಳುವುದೂ ನಿಜವಿರಬಹುದು — ಕೊಟ್ಟವನೂ ಸುಳ್ಳಾಡದೆ ಈಸಿಕೊಂಡವನೂ ಸುಳ್ಳಾಡದೆ ಲೆಕ್ಕ ತಪ್ಪಿದ್ದನ್ನು ಮಂಡಿಯಲ್ಲಿ ಎಷ್ಟು ಕಂಡಿಲ್ಲ? ಆಗ ನೋಡಬೇಕಾದದ್ದು ತಕ್ಕಡಿ.

ಅನಸೂಯ, ಕೋನಪ್ಪ ಊಟಕ್ಕೆ ಹೋದಾಗ ಕಿಟಕಿ ಪಕ್ಕದ್ದರ ಮುಂದೆ ಕೂತೆ. ಪಾಠದ ಹಾಳೆ ನೋಡಿಕೊಂಡು ಬೆಂದ ತುಂಡುಗಳ ಪಟ್ಟಿ ತೆಗೆಸಿದೆ. ಅನಸೂಯ ನಿನ್ನೆ ಮುಟ್ಟಿದ್ದಕ್ಕೆ ನಿನ್ನೆಯ ತಾರೀಖು. ಮಿಕ್ಕವೆಲ್ಲ — ಆಗಸ್ಟ್ ಆರು, ಒಂಬತ್ತೂಕಾಲು. ಆಗಸ್ಟ್ ಆರು, ಒಂಬತ್ತೂಕಾಲು. ಸಾಲಿಗೆ ಸಾಲು, ಮುತ್ತೈದೆಯರ ಹಾಗೆ.

ಆಗಸ್ಟ್ ಆರು ಮೊನ್ನೆ. ಮೊನ್ನೆ ಕರೆಂಟೇ ಇರಲಿಲ್ಲ. ಕರೆಂಟಿಲ್ಲದೆ ಬೇಯಿಸಿದವರು ಯಾರು?

ಎದ್ದು ನೀರು ಕುಡಿದೆ. ಗೊತ್ತಾಯಿತು. ಗೊತ್ತಾಗಬಾರದಿತ್ತು ಎಂದುಕೊಂಡೆ, ಆಮೇಲೆ ಪೂರ್ತಿ ಗೊತ್ತಾಗಲಿ ಎಂದುಕೊಂಡೆ.

9 ಆಗಸ್ಟ್, ಶನಿವಾರ

ಇಬ್ಬರಿಗೂ ಮಧ್ಯಾಹ್ನ ರಜಾ ಕೊಟ್ಟು ಪರೀಕ್ಷೆ ಮಾಡಿದೆ. ಮೇಷ್ಟರೇ ಹೇಳಿದ್ದಲ್ಲವೇ — ಅನುಮಾನ ಬಂದರೆ ವಾದ ಬೇಡ, ಮತ್ತೆ ಮಾಡಿ ನೋಡಿ.

ಬೇರೆ ಜಾಗದಲ್ಲಿ ಒಂದು ನಕಲು. ತಪ್ಪಿದ್ದ ಹಳೆಯ ತುಂಡನ್ನು ಮೂಲದಿಂದ ತೆಗೆದೆ — ಹಳೆಯದು ಅಳಿಯುವುದಿಲ್ಲ ಎಂದದ್ದು ನಿಜ. ಯಂತ್ರದ ತಾರೀಖನ್ನು ಮುಂದಿನ ತಿಂಗಳಿಗೆ ದಬ್ಬಿ ಕಟ್ಟಿದೆ. ತಾರೀಖು ಇವತ್ತಿಗೆ ತಂದೆ. ಅನಸೂಯ ತಿದ್ದಿದ್ದನ್ನು ಸೇರಿಸಿದೆ. ಮತ್ತೆ ಕಟ್ಟು ಎಂದೆ.

ಕಣ್ಣು ಮಿಟುಕಿಸುವುದರೊಳಗೆ ಓಕೆ. ಕಾರ್ಡು ತೆಗೆದೆ. ಐದನೇ ತಾರೀಖು!

ಒಬ್ಬನೇ ಗಟ್ಟಿಯಾಗಿ ನಕ್ಕುಬಿಟ್ಟೆ. ಎಂಥ ಪ್ರಾಮಾಣಿಕ ಅಡುಗೆಭಟ್ಟ! ನಾನು ಶ್ರಾವಣದಲ್ಲಿ ಬೇಯಿಸಿಟ್ಟೆ. ಅವಳು ಆಷಾಢದಲ್ಲಿ ತಿದ್ದಿ ಕೊಟ್ಟಳು. ಅವನು ತಾರೀಖು ನೋಡಿದ — ಬೆಂದದ್ದೇ ಹೊಸದು, ತಿದ್ದಿದ್ದು ಹಳೆಯದು. ಒಲೆಯನ್ನೇ ಹಚ್ಚಲಿಲ್ಲ. ನಿಜವಾದ ಶ್ರಾವಣದ ಆರನೇ ತಾರೀಖು ದಾಟಿದ ಮೇಲೆ ಅವಳು ಖಾಲಿ ಸಾಲು ಸೇರಿಸಿದಳು, ಹೊಸದಾಯಿತು, ಹಚ್ಚಿದ. ಒಳ್ಳೆಯ ದಿನ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವ ಗಂಗುಲಮ್ಮನ ಮಾತು ಇಷ್ಟು ಚೊಕ್ಕವಾಗಿ ನಿಜವಾದದ್ದು ಇದೇ ಮೊದಲು.

ನಗು ನಿಂತ ಮೇಲೆ ಇನ್ನೊಂದು ಕಂಡಿತು. ಇವತ್ತಿಗೆ ಆಗಸ್ಟ್ ಆರು ಕಳೆದುಹೋದ ದಿನ. ಇನ್ನು ಯಾರು ಆ ಪಟ್ಟಿ ನೋಡಿದರೂ ಬುಧವಾರ ಯಾರೋ ಕೆಲಸ ಮಾಡಿದ್ದಾರೆ ಎಂದುಕೊಳ್ಳುತ್ತಾರೆ. ಕರೆಂಟಿನ ನೆನಪು ಎರಡು ದಿನ ಇರುತ್ತದೆ. ವೆಂಕಟರವಣಪ್ಪ ತಣ್ಣಗಾಗಿದ್ದಾನೆ. ಕೋನಪ್ಪ ಒಬ್ಬನೇ ಸಂಭಾಳಿಸುತ್ತಾನೆ. ಸುಮ್ಮನಿದ್ದರೆ ಸಾಕು, ಖರ್ಚೇ ಇಲ್ಲ.

ಹೋಗುವುದು ಒಬ್ಬಳು ಅನಸೂಯ.

ಗಂಗುಲಮ್ಮನಿಗೆ ಹೇಳಿದೆ.

“ನಾನು ಬೇಡ ಅಂದಿದ್ದು ಆಷಾಢದಾಗೆ ಶುರು ಮಾಡಬ್ಯಾಡಿ ಅಂತ. ಆಷಾಢನ ಶ್ರಾವಣ ಅನ್ನಿ ಅಂತ ನಾನಂದ್ನಾ?”

“ಇಲ್ಲ.”

“ಮತ್ತೆ? ಆ ಮಗಿಗೆ ಹೋಗಿ ಹೇಳಿ.”

“ನಲ್ಲಪ್ಪಣ್ಣ ಕಂಪ್ಯೂಟ್ರಿಗೆ ಮುಹೂರ್ತ ಇಟ್ಟ ಅಂತ ಚಿಕ್ಕಬಳ್ಳಾಪುರದ ತನಕ ನಗ್ತಾರೆ ಕಣೇ.”

“ನಗ್ಲಿ ಬಿಡಿ. ಹರಾಜು ಕೂಗೋವಾಗ ನಗ್ತಿರ್ಲಿಲ್ವಾ?”

10 ಆಗಸ್ಟ್, ಭಾನುವಾರ — ಬೆಳಿಗ್ಗೆ

ಎಲ್ಲರಿಗಿಂತ ಮೊದಲೇ ಬಂದಿದ್ದೇನೆ. ಬೆಂಚು ಸರಿಸಿಲ್ಲ, ಬೋರ್ಡು ಒರೆಸಿಲ್ಲ.

ಬಾಯಿಮಾತಿನಲ್ಲಿ ಹೇಳಿದರೆ ನಾನು ಚೆನ್ನಾಗಿ ಹೇಳಿಬಿಡುತ್ತೇನೆ. ಅದೇ ಭಯ. ಗಡಿಯಾರದ ದೋಷವೋ, ಯಂತ್ರದ ಹುಚ್ಚೋ ಎಂದು ಎಲ್ಲರನ್ನೂ ನಗಿಸಿ, ಕೊನೆಗೆ ತಪ್ಪು ಯಾರದೂ ಅಲ್ಲದ ಹಾಗೆ ಮಾಡಿಬಿಡುತ್ತೇನೆ. ವೆಂಕಟರವಣಪ್ಪನಿಗೂ ಎರ್ರಪ್ಪನಿಗೂ ತೋರಿಸಲು ಅವಳ ಕೈಯಲ್ಲಿ ಅಚ್ಚಾದ ಕಾಗದ ಬೇಕು.

ಆದ್ದರಿಂದ ನಾನೇ ತಿದ್ದಿದೆ, ಜೀವನದಲ್ಲಿ ಮೊದಲ ಸಲ. ‘ಕಟ್ಟು’ವಿಗೆ ಒಂದೇ ಒಂದು ಸಾಲು — ಬೇಯಿಸುವ ಮುನ್ನ ಹಳೆಯದನ್ನೆಲ್ಲ ಚೆಲ್ಲು. ಸರಿಯಾಗಿದೆ, ಮೂರು ಸಲ ನೋಡಿದೆ. ವಾಪಸ್ ಇಡಲು ಹೋದರೆ ಕಂಪ್ಯೂಟರು ನನ್ನ ಹೆಸರನ್ನು ತಾನೇ ಹಾಕಿಕೊಂಡಿತು, ತಾರೀಖನ್ನೂ — ನಿಜವಾದದ್ದನ್ನೇ. ಈಗ ಕಾಯುತ್ತ ಕೂತಿದೆ. ಏಕೆ?

ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬಹುದು ಎಂದು ಮೇಷ್ಟರು ಹೇಳಿದ್ದರು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

‘ತಾರೀಖಿನ ವ್ಯತ್ಯಾಸದಿಂದ ಉಂಟಾದ...’ — ಇದು ಸರ್ಕಾರಿ ಕಾಗದ. ಬೇಡ.

‘ಕಾರಣಾಂತರದಿಂದ...’ — ಥೂ.

ಕೆಳಗೆ ಬಸ್ಸು ನಿಂತ ಸದ್ದು. ಚಿಕ್ಕಬಳ್ಳಾಪುರದ್ದಾದರೆ ಮೇಷ್ಟರು, ಸಾದಲಿಯದಾದರೆ ಅವಳು. ಮೆಟ್ಟಿಲ ಮೇಲೆ ಚಪ್ಪಲಿ. ಬೀಗದ ಕೈಗೊಂಚಲಿನ ಸದ್ದೂ ಕೇಳಿಸುತ್ತಿದೆ. ಅವಳೇ. ಬರೆದುಬಿಡಬೇಕು —

ಏಕೆ: ಜುಲೈ ಹದಿನಾಲ್ಕರಂದು ಈ ಯಂತ್ರದ ತಾರೀಖು ಬದಲಾಯಿಸಿದವನು ನಲ್ಲಪ್ಪ. ಜುಲೈ ಹತ್ತೊಂಬತ್ತರಂದು ಅನಸೂಯ ತಿದ್ದಿದ್ದು ಸರಿಯಾಗಿಯೇ ಇತ್ತು. ಅವಳ ತಪ್ಪು ಏನೂ ಇಲ್ಲ —